ಬಿಳಿ ಮಫ್ಲರಿನ ಮೇಲೆ ಭಂಡಾರ

ಹೊರಡುವ ಮುನ್ನ

ಪೋಲೆಂಡಿಗೆ ಹೋಗಿ ಬಂದೆ ಎಂದರೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಜನ ಮೊದಲು ಕೇಳುವುದು, ಊಟಕ್ಕೆ ಏನು ಮಾಡಿದಿರಿ ಅಂತ. ಎರಡನೆಯದು, ಚಳಿ ಎಷ್ಟಿತ್ತು ಅಂತ. ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಅಷ್ಟರಲ್ಲಿ ಯಾರದೋ ಟ್ರಕ್ಕು ಬಂದಿರುತ್ತದೆ. ಆ ಎರಡಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಆಲೂಗಡ್ಡೆ ತುಂಬಿದ ಕಡುಬು ತಿಂದೆ. ಚಳಿ ಸಾಕಷ್ಟಿತ್ತು. ಉಳಿದದ್ದನ್ನು ಯಾರೂ ಕೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನನ್ನದು ಒಣಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿ ಕಾಯಿ ತರಿಸಿ ಪುಣೆಯಲ್ಲಿ ಮಾರುವುದು ನಮ್ಮ ತಂದೆಯ ಕಾಲದಿಂದ ನಡೆದು ಬಂದದ್ದು. ಬ್ಯಾಡಗಿ ಕಾಯಿಯನ್ನು ಯಾರೂ ಖಾರಕ್ಕಾಗಿ ಕೊಳ್ಳುವುದಿಲ್ಲ, ಬಣ್ಣಕ್ಕಾಗಿ ಕೊಳ್ಳುತ್ತಾರೆ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದರೆ, ಅದು ಎಷ್ಟನೆಯ ಕೊಯ್ಲಿನದು, ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ದಿನ ಇತ್ತು ಎಂದು ನಾನು ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬಣ್ಣ ನೋಡಿಯೇ ಮೂವತ್ತು ವರ್ಷ ಅನ್ನ ತಿಂದ ಮನುಷ್ಯ ಬಣ್ಣದಲ್ಲೇ ಮುಗ್ಗರಿಸಿದ ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಮಾರೆಕ್ ಎಂಬವನು ಪೋಲೆಂಡಿನಲ್ಲಿ ಮಸಾಲೆ ಪುಡಿಯ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದಾನೆ. ನಮ್ಮ ಕಾಯಿಯ ಬಣ್ಣ ಅವನಿಗೆ ಹಿಡಿಸಿತ್ತು. ಎರಡು ವರ್ಷದ ಹಿಂದೆ ಪುಣೆಗೆ ಬಂದು, ನಮ್ಮ ಅಂಗಡಿಯಲ್ಲಿ ಕೂತು, ಸೀನಿ ಸೀನಿ ಕೆಂಪಾಗಿ, ಆಮೇಲೆ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಿಂದು ಹೋಗಿದ್ದ. ಹೋಗುವಾಗ, ನಮ್ಮಿಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ, ನೀವೂ ಬನ್ನಿ ಎಂದಿದ್ದ. ನಾವು ಹಾಗೆ ಹೇಳಿದರೆ ಅದು ಮರ್ಯಾದೆಯ ಮಾತು. ಅವನು ನಿಜವಾಗಿ ಕರೆದಿದ್ದನಂತೆ, ಮೂರು ಸಲ ಪತ್ರ ಬರೆದ ಮೇಲೆ ನನಗೆ ಅದು ತಿಳಿಯಿತು.

ಹೊರಡುವ ದಿನ ನನ್ನ ಹೆಂಡತಿ ಕಸ್ತೂರಿ ಒಂದು ಸಣ್ಣ ಕೆಂಪು ಬಟ್ಟೆಯ ಚೀಲವನ್ನು ನನ್ನ ಅಂಗಿಯ ಒಳಗಿನ ಕಿಸೆಗೆ ತುರುಕಿದಳು. ಅದರಲ್ಲಿ ಭಂಡಾರ ಇತ್ತು. ನಮ್ಮ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದ ಮೇಲೆ ಮೈಲಾರ ದೂರವಾಗಿ ಜೇಜೂರಿ ಹತ್ತಿರವಾಯಿತು. ಅಲ್ಲಿ ಅವನನ್ನು ಖಂಡೋಬಾ ಎನ್ನುತ್ತಾರೆ, ದೇವರು ಅವನೇ. ಅವನ ಹೆಸರಿನ ಅರಿಸಿನ ಪುಡಿಯೇ ಭಂಡಾರ. ಹಣೆಗೆ ಹಚ್ಚಿಕೊಳ್ಳುವುದು, ಸಂತೋಷ ಉಕ್ಕಿದಾಗ ಮುಷ್ಟಿ ತುಂಬಿ ಮೇಲಕ್ಕೆ ತೂರುವುದು.

"ಬ್ಯಾಗಿನ್ಯಾಗ ಇಡಬ್ಯಾಡ್ರಿ," ಎಂದಳು ಕಸ್ತೂರಿ. "ಬ್ಯಾಗ ಎಲ್ಲೆರೆ ಕಳದ್ರ ದೇವ್ರೂ ಅದರ ಜೋಡಿ ಹೋಗ್ತಾನ. ಕಿಸೆದಾಗ ಇರ್ಲಿ."

"ಅಲ್ಲಿ ಚೆಕ್ಕಿಂಗ್‌ನ್ಯಾಗ ಕೇಳಿದ್ರ?"

"ಅರಿಶಿಣ ಅಂತ ಹೇಳ್ರಿ. ಅರಿಶಿಣಕ್ಕ ಯಾರ್ ಬ್ಯಾಡ ಅಂತಾರ?"

ಹೊಸ್ತಿಲಿನ ಈಚೆ, ಆಚೆ

ಊರಿನ ಹೆಸರು ಬರೆಯುವುದಿಲ್ಲ. ಆ ಊರಿನ ನಡುವೆ ಒಂದು ನದಿ ಹರಿಯುತ್ತದೆ, ಈ ದಡದವರು ಹೇಳುವ ಊರಿನ ಇತಿಹಾಸವನ್ನು ಆ ದಡದವರು ಒಪ್ಪುವುದಿಲ್ಲ. ಹೆಸರು ಬರೆದರೆ ನಾನು ಯಾವುದೋ ಒಂದು ದಡಕ್ಕೆ ಸೇರಿದವನಾಗುತ್ತೇನೆ. ಒಮ್ಮೆ ಸೇರಿ ಅನುಭವಿಸಿದ್ದು ಸಾಕು.

ಮಾರೆಕ್‌ನ ಮನೆಯ ಬಾಗಿಲು ತೆರೆದಾಗ ನಾನು ಕೈ ಚಾಚಿದೆ. ಅವನು ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಏನೋ ತಪ್ಪಾಯಿತೆಂದು ನನ್ನ ಮುಖ ಸಣ್ಣದಾಯಿತು. ನಾನು ಒಳಗೆ ಕಾಲಿಟ್ಟ ಮೇಲೆ ಎರಡೂ ಕೈಯಿಂದ ಹಿಡಿದು ಕುಲುಕಿದ. ಹೊಸ್ತಿಲಿನ ಈಚೆ ಆಚೆ ನಿಂತು ಕೈ ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ ಎಂದು ಅಲ್ಲಿಯವರ ನಂಬಿಕೆ. ಹೊಸ್ತಿಲ ಮೇಲೆ ಕೂತರೆ ಬೈಯುವ, ಅಲ್ಲಿ ನಿಂತು ಸೀನಿದರೆ ಒಳಗೆ ಕರೆದು ನೀರು ಕೊಡುವ ಮನೆಯಿಂದ ಬಂದ ನನಗೆ ಇದು ತಕ್ಷಣ ಅರ್ಥವಾಯಿತು. ಯುರೋಪಿನಲ್ಲಿ ನನಗೆ ವಿವರಣೆ ಬೇಕಾಗದೆ ಅರ್ಥವಾದ ಮೊದಲ ವಿಷಯ ಅದೇ.

ಉಳಿದ ಹಲವು ವಿಷಯ ಅರ್ಥವಾಗಲಿಲ್ಲ. ಟ್ರಾಮಿನಲ್ಲಿ ಅರವತ್ತು ಜನ ಕೂತಿದ್ದರೂ ಉಸಿರಿನ ಸದ್ದಿಲ್ಲ. ನನ್ನ ಫೋನು ರಿಂಗಾಗಿ, ಮಾರ್ಕೆಟ್ ಯಾರ್ಡಿನಲ್ಲಿ ಮಾತಾಡುವ ದನಿಯಲ್ಲಿ "ಹಾಂ, ಬೋಲಾ", ಹಾಂ ಹೇಳಿ, ಎಂದೆ, ಇಡೀ ಟ್ರಾಮು ತಿರುಗಿ ನೋಡಿತು. ರಸ್ತೆಯಲ್ಲಿ ಹುಡುಕಿದರೂ ಒಂದು ಗಾಡಿ ಇಲ್ಲ, ಆದರೂ ಜನ ಕೆಂಪು ದೀಪಕ್ಕೆ ನಿಂತಿರುತ್ತಾರೆ. ನಮ್ಮ ಪುಣೆಯ ಸ್ವಾರ್‌ಗೇಟ್ ಚೌಕದಲ್ಲಿ ಹಾಗೆ ನಿಂತರೆ ಪಕ್ಕದವನು, ಕಾಕಾ ಹುಷಾರಿಲ್ಲವೇ ಎಂದು ಕೇಳುತ್ತಾನೆ.

ಇಂಥ ಶಿಸ್ತಿನ ಜನ ಫುಟ್‌ಬಾಲಿನ ಮಾತು ಬಂದರೆ ಬೇರೆಯೇ ಆಗುತ್ತಾರೆ. ಈ ದಡಕ್ಕೊಂದು ತಂಡ, ಆ ದಡಕ್ಕೊಂದು ತಂಡ. ಮಾರೆಕ್ ಹುಟ್ಟಿ ಬೆಳೆದದ್ದು ಈ ದಡದಲ್ಲಿ, ತಂಡದ ಬಣ್ಣ ಬಿಳಿ. ಅವನ ಹೆಂಡತಿ ಆನಾ ಆ ದಡದವಳು, ಅವರ ಬಣ್ಣ ಹಳದಿ. ಮದುವೆಯಾದ ಮೇಲೆ ಮನೆ ಸಿಕ್ಕಿದ್ದು ಆ ದಡದಲ್ಲಿ. ಹೀಗಾಗಿ ಮಾರೆಕ್ ಇಪ್ಪತ್ತು ವರ್ಷದಿಂದ ಬೀಗರ ಊರಿನಲ್ಲಿ ಇದ್ದಾನೆ.

ನಾನು ಹೋದ ವಾರವೇ ಎರಡು ದಡಗಳ ಪಂದ್ಯ ಇತ್ತು. ಅದು ಕಾಕತಾಳೀಯವಲ್ಲ, ಮಾರೆಕ್ ದಿನ ನೋಡಿಯೇ ಕರೆದಿದ್ದ. ಮೈದಾನದಲ್ಲಿ ಅವನ ತಂದೆ ಕೂರುತ್ತಿದ್ದ ಜಾಗ ಒಂದಿದೆ, ಪಕ್ಕದಲ್ಲಿ ಅವನದು. ತಂದೆ ತೀರಿಹೋಗಿ ಹನ್ನೊಂದು ವರ್ಷ. ಆ ಜಾಗವನ್ನು ಅವನು ಬಿಟ್ಟುಕೊಟ್ಟಿಲ್ಲ, ಯಾರನ್ನೂ ಕೂರಿಸಿಯೂ ಇಲ್ಲ. "ಈ ಸಲ ನೀವು ಕೂರಬೇಕು," ಎಂದ. ಯಾಕೆ ನಾನು ಎಂದು ಕೇಳಿದೆ. ಪುಣೆಯಲ್ಲಿ ನನ್ನ ಹೆಂಡತಿ ಮೊದಲ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಾಗ, ಈ ಮನೆಯವರನ್ನು ಅಲ್ಲಿ ಕೂರಿಸಬಹುದು ಎನಿಸಿತಂತೆ. ನಾನು ಲೋಟ ಎತ್ತಿ ಚಹಾ ಕುಡಿದೆ.

ಆಮೇಲೆ ಅವನು ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದ. ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿಕೆಯಿಂದ ಮೀಟಿ ತೆಗೆದ. ಒಳಗೆ ಒಂದು ಉಣ್ಣೆಯ ಮಫ್ಲರು. ಬಿಳಿ, ಎರಡು ತುದಿಗೂ ನೀಲಿ ಗೆರೆ. ಅವನ ಅಜ್ಜಿ ಹೆಣೆದದ್ದು, ತಂದೆ ಕೊನೆಯವರೆಗೆ ಹಾಕಿಕೊಂಡದ್ದು. ಮಾರೆಕ್ ಅದನ್ನು ವರ್ಷಕ್ಕೆ ಎರಡೇ ಸಲ, ಆ ದಡದವರ ಜೊತೆ ಪಂದ್ಯ ಇದ್ದಾಗ ಹೊರತೆಗೆಯುತ್ತಾನೆ. ನಮ್ಮಲ್ಲಿ ರೇಷ್ಮೆ ಸೀರೆಯನ್ನು ನುಸಿಗೆ ಹೆದರಿ ಮುಚ್ಚಿಡುವಂತೆ ಇಟ್ಟಿದ್ದಾನೆ ಎಂದುಕೊಂಡೆ.

ಎರಡು ವಿಷಯ ಹೇಳಿದ. ಎದುರು ತಂಡದವರು ಮಫ್ಲರು ಕಿತ್ತುಕೊಳ್ಳುತ್ತಾರೆ, ಯುದ್ಧದಲ್ಲಿ ಬಾವುಟ ಕಿತ್ತುಕೊಂಡ ಹಾಗೆ. ಕಳೆದುಕೊಂಡವನು ತನ್ನವರ ಮುಂದೆ ತಲೆ ಎತ್ತುವಂತಿಲ್ಲ. ಅದಕ್ಕೇ ಸೇತುವೆ ದಾಟುವ ಮುನ್ನ ಅದನ್ನು ಅಂಗಿಯೊಳಗೆ ಸೇರಿಸಿಬಿಡುತ್ತಾನೆ. ಎರಡನೆಯದು, ಹಳದಿ ಮೈಮೇಲೆ ಇರಬಾರದು. ನಾನು ಸಾಸಿವೆ ಬಣ್ಣದ ಸ್ವೆಟರ್ ಹಾಕಿದ್ದೆ. ತೆಗೆದು ಬೂದಿ ಬಣ್ಣದ್ದು ಹಾಕಿಕೊಂಡೆ. ಕಾಲುಚೀಲ ಸಹ ಪರೀಕ್ಷಿಸಿದೆ.

ಅಂಗಿಯ ಒಳಕಿಸೆಯ ನೆನಪು ನನಗೆ ಬರಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ, ಚೀಲ ಎದೆಗೆ ತಾಗುತ್ತಲೇ ಇತ್ತು. ಭಂಡಾರವನ್ನು ನಮ್ಮ ಮನೆಯಲ್ಲಿ ಯಾರೂ ಹಳದಿ ಎನ್ನುವುದಿಲ್ಲ. ಅದು ಭಂಡಾರ. ಹಾಲನ್ನು ಬಿಳಿ ಎಂದು ಯಾರು ಕರೆಯುತ್ತಾರೆ?

ಶನಿವಾರ, ಮೈದಾನ

ಫುಟ್‌ಬಾಲ್ ಎಂದರೆ ನನಗೆ ಪುಣೆಯ ಖಡಕಿ ದಂಡಿನ ಮೈದಾನದಲ್ಲಿ ಸೈನಿಕರು ಸಂಜೆ ಆಡುತ್ತಿದ್ದ ಆಟ. ನೋಡುವವರು ಹತ್ತು ಜನ, ಎರಡು ಎಮ್ಮೆ. ಇಲ್ಲಿ ಗೇಟಿನಲ್ಲೇ ಅರ್ಧ ತಾಸು ತಪಾಸಣೆ. ಕಾವಲಿನ ಹೆಂಗಸು ನನ್ನ ಎದೆಯ ಮೇಲೆ ಕೈಯಾಡಿಸಿ ಕೆಂಪು ಚೀಲ ಹಿಡಿದಳು, ಮೂಗಿಗೆ ಒಯ್ದಳು, ಎರಡು ಸಲ ಸೀನಿದಳು. ಮಾರೆಕ್, ಇದು ಅವರ ದೇವರು, ಎಂದು ಏನೋ ಹೇಳಿದ. ಅವಳು ಶಿಲುಬೆಯ ಗುರುತು ಮಾಡಿಕೊಂಡು ವಾಪಸ್ಸು ಕೊಟ್ಟಳು. ಚೀಲದ ಬಾಯಿ ಕಟ್ಟಿದ್ದರಿಂದ ಒಳಗೆ ಏನಿದೆ ಎಂದು ಮಾರೆಕ್ ಕೂಡ ನೋಡಲಿಲ್ಲ.

ಒಳಗೆ ಜನ ಕೂರುವುದೇ ಇಲ್ಲ. ಕುರ್ಚಿಗೆ ಇಷ್ಟು ಗೌರವ, ಇಷ್ಟು ಕಾಯ್ದಿಟ್ಟ ಜಾಗ, ಆದರೆ ತೊಂಬತ್ತು ನಿಮಿಷ ಎಲ್ಲರೂ ನಿಂತೇ ಇರುತ್ತಾರೆ, ಹಾಡುತ್ತಲೇ ಇರುತ್ತಾರೆ. ಹಾಡಿಸುವವನು ಒಬ್ಬ, ಕೈಯಲ್ಲಿ ದನಿ ದೊಡ್ಡದು ಮಾಡುವ ಭೋಂಗಾ ಹಿಡಿದು ಆಟಕ್ಕೆ ಬೆನ್ನು ಮಾಡಿ ನಿಂತಿದ್ದ. ಅವನು ಒಂದು ಸಲವೂ ಚೆಂಡನ್ನು ನೋಡಲಿಲ್ಲ. ಆಷಾಢದಲ್ಲಿ ಪುಣೆಯ ಮೇಲೆ ಹಾದುಹೋಗುವ ಪಲ್ಲಕ್ಕಿಯ ಜೊತೆ ಭಜನೆ ಮಾಡುತ್ತ ನಡೆಯುವ ದಿಂಡಿಗಳಲ್ಲಿ ಇಂಥವರನ್ನು ನೋಡಿದ್ದೇನೆ, ದಾರಿ ನೋಡದೆ ಹಿಂದಕ್ಕೆ ನಡೆಯುತ್ತ ಹಾಡಿಸುವವರು. ನನಗೆ ಮೈಮೇಲೆ ಮುಳ್ಳೆದ್ದವು. ಭಾಷೆ ತಿಳಿಯದಿದ್ದರೂ ಮೂರನೆಯ ಹಾಡಿನ ಹೊತ್ತಿಗೆ ನಾನೂ ಬಾಯಿ ತೆರೆದಿದ್ದೆ.

ಎಂಬತ್ತೇಳು ನಿಮಿಷ ಏನೂ ಆಗಲಿಲ್ಲ. ನಾನು ತಪ್ಪಾಗಿ ಎರಡು ಸಲ ಕುಣಿದೆ, ಮಾರೆಕ್ ಭುಜ ಹಿಡಿದು ನಿಲ್ಲಿಸಿದ. ಆಮೇಲೆ ಬಿಳಿ ತಂಡದ ಒಬ್ಬ ಕುಳ್ಳ ಆಟಗಾರ ಎಲ್ಲಿಂದಲೋ ಓಡಿ ಬಂದು ತಲೆಯಿಂದ ಹೊಡೆದ, ಬಲೆ ಉಬ್ಬಿತು. ಪಕ್ಕದಲ್ಲಿ ಮಾರೆಕ್ ಅಳುತ್ತಿದ್ದ. ಐವತ್ತರ ಗಂಡಸು, ತಂದೆಯ ಮಫ್ಲರನ್ನು ಎರಡು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದು ಅಳುತ್ತಿದ್ದ.

ಅಂಥ ಹೊತ್ತಿನಲ್ಲಿ ನಮ್ಮ ಮನೆಯವರ ಕೈ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಗೆ ನನ್ನ ಕೈ ಹೋಯಿತು. ಚೀಲದ ದಾರ ಬಿಚ್ಚಿದ್ದು ನನಗೆ ನೆನಪಿಲ್ಲ. "ಏಳುಕೋಟಿ ಏಳುಕೋಟಿ!" ಎಂದು ಮೈಲಾರಲಿಂಗನ ಜಯಕಾರ ಕೂಗಿದ್ದು ನೆನಪಿದೆ. ಮುಷ್ಟಿ ತುಂಬಿ ತೂರಿದೆ, ಇನ್ನೊಂದು ಮುಷ್ಟಿ ತೂರಿದೆ, ಕೊನೆಗೆ ಚೀಲವನ್ನೇ ಝಾಡಿಸಿದೆ. ಗಾಳಿ ಇತ್ತು.

ಮೈದಾನವೆಲ್ಲ ಮೊರೆಯುತ್ತಿರುವಾಗ ನಮ್ಮ ಸುತ್ತ ಆರು ಸಾಲು ಮಾತ್ರ ಸುಮ್ಮನಾಯಿತು. ಬಿಳಿ ಜಾಕೆಟ್, ಬಿಳಿ ಟೊಪ್ಪಿ, ಬಿಳಿ ಗಡ್ಡ, ಎಲ್ಲವೂ ಹಳದಿ. ಆಗ ಮೊದಲ ಸಲ ನಾನು ಭಂಡಾರವನ್ನು ಹಳದಿಯಾಗಿ ನೋಡಿದೆ. ಮುಂದಿನ ಸಾಲಿನ ಬೋಳುತಲೆಯ ದೈತ್ಯನೊಬ್ಬ ತನ್ನ ಅಂಗೈಯನ್ನು ನೋಡಿಕೊಂಡ, ನನ್ನನ್ನು ನೋಡಿದ, ಏನೋ ಕೇಳಿದ. ತಿಳಿಯದ ಮಾತಿಗೆ ನಾವು ನಗುತ್ತೇವೆ. ನಾನು ನಕ್ಕೆ. ಅವನು ನನ್ನ ಕಾಲರ್ ಹಿಡಿದ.

ಮಾರೆಕ್ ನಡುವೆ ನಿಂತ. ಬಹಳ ವೇಗವಾಗಿ ಮಾತಾಡಿದ, ಆಕಾಶ ತೋರಿಸಿದ, ನನ್ನ ಹಣೆ ತೋರಿಸಿದ. ಹಿಂದಿನಿಂದ ಯಾರೋ ಉಗುಳಿದ್ದು ನನ್ನ ಬೂಟಿನ ಮೇಲೆ ಬಿತ್ತು. ಒಬ್ಬ ಮುದುಕಿ ಮಾತ್ರ ತನ್ನ ಥರ್ಮಾಸಿನ ನೀರಲ್ಲಿ ಕರವಸ್ತ್ರ ಅದ್ದಿ ನನ್ನ ಮುಖ ಒರೆಸಿದಳು. ನೀರು ತಾಗಿದ ಮೇಲೆ ಪುಡಿ ಕೆಸರಾಗಿ ಇನ್ನೂ ಚೆನ್ನಾಗಿ ಅಂಟಿಕೊಂಡಿತು. ಮೈದಾನದ ಇಬ್ಬರು ಸಿಬ್ಬಂದಿ ಬಂದು, ನೀವು ಈಗಲೇ ಹೋಗುವುದು ಒಳ್ಳೆಯದು ಎಂದರು. ಆಟ ಮುಗಿಯಲು ಎರಡು ನಿಮಿಷ ಇತ್ತು. ಮಾರೆಕ್ ಜೀವಮಾನದಲ್ಲಿ ಸೀಟಿ ಊದುವ ಮುನ್ನ ಎದ್ದು ಹೋದವನಲ್ಲ ಎಂದು ಆಮೇಲೆ ಆನಾ ಹೇಳಿದಳು.

ಸೇತುವೆ

ಹೊರಗೆ ಬಂದ ಮೇಲೆ ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಫ್ಲರನ್ನು ಕೈಯಲ್ಲಿ ಹಿಡಿದು ಕೊಡವುತ್ತ ನಡೆದ, ಬೆರಳಿನಿಂದ ಉಜ್ಜುತ್ತ ನಡೆದ. ಉಜ್ಜಿದಷ್ಟೂ ಪುಡಿ ಉಣ್ಣೆಯೊಳಗೆ ಇಳಿಯಿತು. ಅಂದು ಹನಿಹನಿ ಮಳೆ ಬೇರೆ.

ಈ ಗಡಿಬಿಡಿಯಲ್ಲಿ ಮಫ್ಲರನ್ನು ಅಂಗಿಯೊಳಗೆ ಸೇರಿಸುವುದನ್ನು ಅವನು ಮರೆತ. ನಾವು ಸೇತುವೆಯ ಅರ್ಧಕ್ಕೆ ಬಂದಾಗ ಹಿಂದಿನಿಂದ ಏಳೆಂಟು ಜನ ಬಂದರು. ಹಳದಿ ಮಫ್ಲರು, ಹಳದಿ ಟೊಪ್ಪಿ, ಸೋತ ಮುಖ. ಗೋಲು ಬಿದ್ದ ಕೂಡಲೇ ಹೊರಟವರಿರಬೇಕು.

ಮೊದಲು ಅವರ ಕಣ್ಣಿಗೆ ಬಿದ್ದದ್ದು ನಾನು. ಹಣೆಯಿಂದ ಹೊಟ್ಟೆಯವರೆಗೆ ಹಳದಿ ಬಳಿದುಕೊಂಡ ಹೊರದೇಶದ ಮನುಷ್ಯ. ಒಬ್ಬ ಅಪ್ಪಿಕೊಂಡ. ಇನ್ನೊಬ್ಬ ಬೆನ್ನು ತಟ್ಟಿ, ದುಃಖದಲ್ಲಿ ಪಾಲುಗಾರನಿಗೆ ಹೇಳುವ ಹಾಗೆ ಏನೋ ಹೇಳಿ ತಲೆ ಆಡಿಸಿದ. ನಾನೂ ತಲೆ ಆಡಿಸಿದೆ. ಇಷ್ಟಕ್ಕೇ ಮುಗಿಯಲಿ ದೇವರೇ ಎಂದುಕೊಂಡೆ.

ಆಮೇಲೆ ಅವರು ಮಾರೆಕ್‌ನ ಕೈ ನೋಡಿದರು.

ಗುಂಪಿನಲ್ಲಿ ಎಲ್ಲರಿಗಿಂತ ತೆಳ್ಳಗಿದ್ದವನು ಮಫ್ಲರಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ಮಾರೆಕ್‌ನ ಮುಷ್ಟಿಯಲ್ಲಿ. ಯಾರೂ ಜಗ್ಗಲಿಲ್ಲ, ಯಾರೂ ಬಿಡಲಿಲ್ಲ. ಉಳಿದವರು ಸುತ್ತುಗಟ್ಟಿದರು, ಒಬ್ಬ ಮಾರೆಕ್‌ನ ಎದೆಗೆ ಕೈಯಿಟ್ಟು ಸೇತುವೆಯ ಕಂಬಿಗೆ ಒತ್ತಿದ. ಕೆಳಗೆ ನೀರು ಕಪ್ಪಗೆ ಹೋಗುತ್ತಿತ್ತು. ನನಗೆ ಹೆದರಿಕೆಯಾಯಿತು. ಆ ಮಫ್ಲರು ಹೋದರೆ ಇವನು ನೀರಿಗೇ ಹಾರುತ್ತಾನೇನೋ ಎನಿಸಿತು.

ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು ಜಗಳಕ್ಕೆ ಬಿದ್ದಾಗ ನಡುವೆ ಹೋಗುವವನು ಒಂದು ಕೆಲಸ ಮಾಡುತ್ತಾನೆ. ಇಬ್ಬರ ಎದೆಯ ಮೇಲೂ ಒಂದೊಂದು ಅಂಗೈ ಇಡುತ್ತಾನೆ, ತಳ್ಳುವುದಿಲ್ಲ, ಸುಮ್ಮನೆ ಇಡುತ್ತಾನೆ. ನಾನು ಹಾಗೇ ಮಾಡಿದೆ. ಬಾಯಿಯಿಂದ ಬಂದದ್ದು ಮರಾಠಿ. ಮನೆಯೊಳಗೆ ಕನ್ನಡ, ಬೀದಿಯ ಜಗಳಕ್ಕೆ ಮರಾಠಿ, ನಲವತ್ತು ವರ್ಷದ ರೂಢಿ. "ಜಾಊ ದ್ಯಾ ಹೋ ದಾದಾ, ಜಾಊ ದ್ಯಾ," ಎಂದೆ. ಹೋಗಲಿ ಬಿಡಿ ಅಣ್ಣಾ, ಎಂದು. ಆ ತೆಳ್ಳಗಿನವನ ಬಿಳಿಚಿದ ಕೋಟಿನ ಮೇಲೆ ನನ್ನ ಐದು ಬೆರಳು ಹಳದಿಯಾಗಿ ಮೂಡಿದವು.

ಅವನು ಬೆರಳಿನ ಗುರುತು ನೋಡಿದ. ನನ್ನ ಕೈ ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಮಫ್ಲರಿನ ತುದಿಯನ್ನು ಬಿಡಿಸಿ ದೀಪದ ಕಡೆ ಹಿಡಿದ. ಮಳೆಹನಿಗೆ ಪುಡಿ ಕರಗಿ, ಬಿಳಿ ಎಂಬುದು ಎಲ್ಲೋ ಅಲ್ಲಲ್ಲಿ ಉಳಿದಿತ್ತು. ಅವನು ನಗಲು ಶುರು ಮಾಡಿದ. ಉಳಿದವರಿಗೆ ತೋರಿಸಿದ. ಎಲ್ಲರೂ ನಕ್ಕರು, ಬಗ್ಗಿ ಬಗ್ಗಿ ನಕ್ಕರು. ಕಡೆಗೆ ಅವನು ಮಫ್ಲರನ್ನು ತಾನೇ ಮಾರೆಕ್‌ನ ಕೊರಳಿಗೆ ಸುತ್ತಿ, ಹಳದಿ ಮುಂದೆ ಕಾಣುವಂತೆ ಸರಿಮಾಡಿ, ಅವನ ಕೆನ್ನೆಯನ್ನು ಎರಡು ಸಲ ಮೆಲ್ಲಗೆ ತಟ್ಟಿ, ಏನೋ ಒಂದು ಮಾತು ಹೇಳಿ ಹೊರಟುಹೋದ. ಹೋಗುವಾಗ ನನ್ನ ಕೈಯನ್ನೂ ಕುಲುಕಿದ.

ಬದುಕಿದೆವು ಎಂದು ನಾನು ನಿಟ್ಟುಸಿರು ಬಿಟ್ಟೆ. ಸೇತುವೆಯ ಕೊನೆಗೆ ಬಂದ ಮೇಲೆ, ಆ ತೆಳ್ಳಗಿನವನು ಏನೆಂದ ಎಂದು ಮಾರೆಕ್‌ನನ್ನು ಕೇಳಿದೆ.

"ಇದು ಆಗಲೇ ನಮ್ಮದಾಗಿದೆ, ನೀನೇ ಇಟ್ಟುಕೋ, ಅಂದ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ. "ಕಿತ್ತುಕೊಂಡು ಹೋಗಿದ್ದರೆ ಚೆನ್ನಾಗಿತ್ತು."

ಭಾನುವಾರ, ಆನಾಳ ಅಡುಗೆಮನೆ

ಬೆಳಿಗ್ಗೆ ಎದ್ದಾಗ ಆನಾ ಸಿಂಕಿನಲ್ಲಿ ಬಿಸಿನೀರು ತುಂಬಿ, ಸಾಬೂನಿನ ಬಾಟಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಮಫ್ಲರು ಮೇಜಿನ ಮೇಲಿತ್ತು. ನಾನು ಕೂಗಿದ ಕೂಗಿಗೆ ಅವಳು ಬಾಟಲಿ ಬಿಟ್ಟಳು. ಅವಳ ಇಂಗ್ಲಿಷು ನನ್ನದಕ್ಕಿಂತ ಕಡಿಮೆ, ಅರಿಸಿನಕ್ಕೆ ಸಾಬೂನು ತಾಗಿಸಬಾರದು ಎಂದು ಹೇಗೆ ತಿಳಿಸುವುದು? ಭಂಡಾರ ಮೆತ್ತಿದ್ದ ನನ್ನ ಕರವಸ್ತ್ರದ ಮೇಲೆ ಎರಡು ಹನಿ ಸಾಬೂನು ಹಾಕಿ ತೋರಿಸಿದೆ. ಕಲೆ ಕುಂಕುಮದಂತೆ ಕೆಂಪಾಯಿತು. ಆನಾ ಏನೋ ದೇವರ ಹೆಸರು ಹೇಳಿದಳು. ನನ್ನ ಬಗ್ಗೆ ಅವಳಿಗೆ ಮೊದಲೇ ಸ್ವಲ್ಪ ಸಂಶಯ ಇತ್ತು, ಈಗ ಮಾಟಗಾರ ಎಂದೇ ಆಯಿತು.

ಮಾರೆಕ್ ಬಂದು ಕೂತ. ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ನಾನು ಅವನಿಗೆ ಜೇಜೂರಿಯ ವಿಷಯ ಹೇಳಿದೆ. ವರ್ಷಕ್ಕೊಮ್ಮೆ ನಾವೆಲ್ಲ ಅಲ್ಲಿಂದ ತಲೆಯಿಂದ ಕಾಲವರೆಗೆ ಭಂಡಾರ ಮೆತ್ತಿಕೊಂಡು ಬರುತ್ತೇವೆ, ಬಿಳಿ ಅಂಗಿ, ಬಿಳಿ ಧೋತರ. ನಮ್ಮ ಹೆಂಗಸರು ಅದಕ್ಕೆ ಸಾಬೂನು ಹಾಕುವುದಿಲ್ಲ. ತೋಯಿಸಿ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುತ್ತಾರೆ. ಅರಿಸಿನ ಬೇರೆ ಯಾರಿಗೂ ಬಗ್ಗುವುದಿಲ್ಲ, ಬಿಸಿಲಿಗೆ ಬಗ್ಗುತ್ತದೆ. ನಾಲ್ಕು ಬಿಸಿಲಿಗೆ ಅಂಗಿ ಬೆಳ್ಳಗಾಗುತ್ತದೆ.

ಮೂವರೂ ಕಿಟಕಿಯ ಕಡೆ ನೋಡಿದೆವು. ನವೆಂಬರಿನ ಆಕಾಶ ತೊಳೆಯದ ಅಲ್ಯೂಮಿನಿಯಂ ಪಾತ್ರೆಯಂತೆ ಇತ್ತು. ನಾನು ಬಂದು ಆರು ದಿನವಾಗಿತ್ತು, ನೆಲದ ಮೇಲೆ ನನ್ನ ನೆರಳನ್ನು ಒಮ್ಮೆಯೂ ನೋಡಿರಲಿಲ್ಲ.

"ಇಲ್ಲಿ ಬಿಸಿಲು ಯಾವಾಗ?" ಎಂದೆ.

"ಮೇ," ಎಂದಳು ಆನಾ.

"ಮುಂದಿನ ಪಂದ್ಯ ಏಪ್ರಿಲ್‌ನಲ್ಲಿ," ಎಂದ ಮಾರೆಕ್. ಈ ಬಣ್ಣದಲ್ಲಿ ಹಾಕಿಕೊಂಡು ಹೋಗುವಂತಿಲ್ಲ, ಹಾಕಿಕೊಳ್ಳದೆಯೂ ಹೋಗುವಂತಿಲ್ಲ. ತಂದೆಯ ಜಾಗದ ಪಕ್ಕದಲ್ಲಿ ಬರಿಗೊರಳಿನಲ್ಲಿ ನಿಲ್ಲಲು ಅವನು ಸಿದ್ಧನಿರಲಿಲ್ಲ.

ನನಗೆ ಕೊಡಿ ಎಂದೆ. ಪುಣೆಯಲ್ಲಿ ನಮ್ಮ ಮನೆಗೆ ಮಾಳಿಗೆ ಇದೆ, ಬಿಸಿಲು ಬೇಡವೆಂದರೂ ಬರುತ್ತದೆ, ಬಿಳಿ ಮಾಡಿ ಕಳಿಸುತ್ತೇನೆ. ಮಾರೆಕ್ ಮಫ್ಲರನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕಾಗದದ ಚೀಲದಲ್ಲಿ ಹಾಕಿದ ಮೇಲೂ ಚೀಲವನ್ನು ಕೈಯಿಂದ ಬಿಡಲಿಲ್ಲ.

"ಬಿಸಿಲು ಮಾತ್ರ, ಅಲ್ಲವೇ?" ಎಂದ.

"ಬಿಸಿಲು ಮಾತ್ರ," ಎಂದು ಮಾತು ಕೊಟ್ಟೆ. ಸಾಬೂನಿನ ಕೆಂಪಿಗೆ ಹೆದರಿದ್ದಾನೆ ಎಂದುಕೊಂಡೆ.

ಪುಣೆಯ ಗುಲ್ಟೇಕಡಿ, ಮಾಳಿಗೆ

ಮನೆಗೆ ಬಂದ ದಿನವೇ ಕಸ್ತೂರಿಗೆ ಎಲ್ಲ ಹೇಳಿದೆ. ಅವಳು ಸೇತುವೆಯ ಕಥೆಗೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು, ಭಂಡಾರದ ಕಥೆಗೆ ನಕ್ಕಳು, "ಮೈಲಾರಲಿಂಗನ ಕಾಪಾಡ್ಯಾನ ಬಿಡ್ರಿ" ಎಂದಳು. ದೇವರೇ ಸಿಕ್ಕಿಸಿದ್ದು, ದೇವರೇ ಬಿಡಿಸಿದ್ದು ಎಂದು ನಾನು ವಾದ ಮಾಡಲಿಲ್ಲ. ಮಫ್ಲರು ಕೊಟ್ಟು, ಸಾಬೂನು ಹಚ್ಚಬೇಡ, ಬಿಸಿಲಿಗೆ ಹಾಕು ಎಂದೆ. ಅವಳು ಚೀಲ ಬಿಚ್ಚಿ ಮುಖ ಹಿಂದಕ್ಕೆ ತೆಗೆದಳು.

"ಏನ್ರಿ ಇದು ಇಷ್ಟ್ ನಾರತದ? ಯಾರೋ ತಂಬಾಕ ಸೇದಿ ಒರಸಿಟ್ಟಂಗ ಅದ."

ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ಮೂವತ್ತು ವರ್ಷ ಮೆಣಸಿನಕಾಯಿಯ ಘಾಟು ಕುಡಿದ ಮೂಗು ಇದು. ಮನೆಯಲ್ಲಿ ಹಾಲು ಉಕ್ಕಿ ಸೀದರೂ ಕಣ್ಣಿಗೆ ಕಂಡ ಮೇಲೆಯೇ ನನಗೆ ಗೊತ್ತಾಗುವುದು. ಇರಬಹುದು, ಚಳಿ ದೇಶ, ಅವರು ದಿನಾ ತೊಳೆಯುವುದಿಲ್ಲ ಎಂದು ಹೇಳಿ ಅಂಗಡಿಗೆ ಹೋದೆ.

ನಾಲ್ಕನೆಯ ದಿನ ಮಾಳಿಗೆ ಹತ್ತಿ ನೋಡಿದಾಗ ತಂತಿಯ ಮೇಲೆ ಮಫ್ಲರು ತೂಗುತ್ತಿತ್ತು. ನನ್ನ ಕಣ್ಣಿಗೆ ನೀರು ಬಂತು ಎಂದರೆ ನಂಬಿ. ಆ ಬಿಳಿಯನ್ನು ನಾನು ಮೈದಾನದಲ್ಲೂ ನೋಡಿರಲಿಲ್ಲ. ಹೊಸದರಂತೆ ಬೆಳ್ಳಗೆ, ಗೆರೆಯ ನೀಲಿ ಇದ್ದ ಹಾಗೇ ಇದೆ. ಎಲ್ಲಿಯೂ ಒಂದು ಚುಕ್ಕೆ ಹಳದಿ ಇಲ್ಲ. ನಾನು ನೆರಳಿಗೆ ಹಿಡಿದು ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ, ಕಾಯಿ ನೋಡುವ ಹಾಗೆ ನೋಡಿದೆ. ಫೋಟೋ ತೆಗೆದು ಮಾರೆಕ್‌ಗೆ ಕಳಿಸಿದೆ.

ಉತ್ತರ ಹತ್ತು ನಿಮಿಷದಲ್ಲಿ ಬಂತು. ಮೊದಲು ಥ್ಯಾಂಕ್ಸ್, ಐದು ಸಲ. ಆಮೇಲೆ ಒಂದು ಪ್ರಶ್ನೆ. "ತಂಬಾಕಿನ ವಾಸನೆ ಇನ್ನೂ ಇದೆಯೇ?"

ಅದರ ಕೆಳಗೆ ಇನ್ನೂ ಎರಡು ಸಾಲು. ಅಪ್ಪ ಪೈಪು ಸೇದುತ್ತಿದ್ದರು, ಅದಕ್ಕಾಗಿಯೇ ಡಬ್ಬಿಯಲ್ಲಿ ಇಡುತ್ತೇನೆ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತೊಳೆದಿಲ್ಲ.

ನಾನು ಮಫ್ಲರನ್ನು ಮೂಗಿಗೆ ಒತ್ತಿ ಹಿಡಿದೆ. ಅದರಿಂದ ಏನು ಪ್ರಯೋಜನ? ಕೆಳಗೆ ಇಳಿದು ಕಸ್ತೂರಿಯ ಮುಂದೆ ಹಿಡಿದೆ. ಏನು ವಾಸನೆ ಇದೆ ಹೇಳು ಎಂದೆ.

"ಏನೂ ಇಲ್ರಿ. ಬಿಸಿಲಿಂದ ಅದ, ಅಷ್ಟ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ್ರಿ? ಸಾಬಾಣ ಹಚ್ಚಿಲ್ಲ. ನೀವು ಹೇಳಿದಂಗ ಮಾಡೇನಿ. ಅಂಟವಾಳಕಾಯಿ ನೆನಸಿ ಮೂರ್ ಸಲ ತೊಳದು, ಆಮೇಲೆ ಬಿಸಿಲಿಗೆ ಹಾಕೀನಿ. ಮಂದಿ ವಸ್ತು, ಅಷ್ಟ್ ನಾರೋದು ಹೆಂಗ ಕಳಸೂದು?"

ಅವಳ ತಪ್ಪು ಏನೂ ಇಲ್ಲ. ಬೇರೆಯವರ ವಸ್ತುವನ್ನು ಶುಚಿ ಮಾಡಿ ಕಳಿಸಬೇಕು ಎಂಬುದು ನಮ್ಮ ಮನೆಯ ರೀತಿ. ನೆರೆಯವರ ಡಬ್ಬಿಯನ್ನು ಸಹ ನಾವು ಖಾಲಿ ಕಳಿಸುವುದಿಲ್ಲ, ತೊಳೆಯದೆ ಕಳಿಸುವುದಿಲ್ಲ. ಬಿಸಿಲು ಮಾತ್ರ ಎಂದು ಮಾತು ಕೊಟ್ಟವನು ನಾನು, ಅದನ್ನು ಸಾಬೂನು ಬೇಡ ಎಂದು ಅವಳಿಗೆ ಹೇಳಿದವನೂ ನಾನು. ಫೋನಿನ ಸಾಲುಗಳನ್ನು ಓದಿ ಹೇಳಿದೆ. ಅವಳು ಮಂಚದ ಮೇಲೆ ಕೂತುಬಿಟ್ಟಳು.

ಇದೆ ಎಂದು ಬರೆಯಬಹುದಿತ್ತು. ದಾರಿಯಲ್ಲಿ ಹೋಯಿತೇನೋ ಎಂದು ಆಮೇಲೆ ಹೇಳಬಹುದಿತ್ತು. ಒಂದು ತಾಸು ಕೂತು, ನಿಜವನ್ನೇ ಬರೆದೆ. ಇಲ್ಲ, ತೊಳೆದಿದ್ದೇವೆ, ತಪ್ಪು ನನ್ನದು. ಉತ್ತರ ಮರುದಿನ ಸಂಜೆ ಬಂತು, ಚಿಕ್ಕದು. "ನಾನೇ ಹೇಳಬೇಕಿತ್ತು. ಕಳಿಸಿ."

ಕಸ್ತೂರಿ ಪಾರ್ಸಲ್ಲಿಗೆ ಬಿಳಿ ಬಟ್ಟೆ ಕತ್ತರಿಸಿ ಮೂರು ಬದಿ ಹೊಲಿದಳು. ನಾಲ್ಕನೆಯ ಬದಿಗೆ ಬಂದು ಸೂಜಿ ನಿಲ್ಲಿಸಿದಳು.

"ಅವ್ರಪ್ಪ ಯಾವ ತಂಬಾಕ ಸೇದತಿದ್ರು, ಕೇಳ್ರಿ."

"ಕೇಳಿ ಏನ್ ಮಾಡ್ತಿ?"

"ತರಸೋಣ್ರಿ. ಅದರ ಜೋಡಿ ನಾಕ್ ದಿನ ಮುಚ್ಚಿಟ್ರ ವಾಸನಿ ಹಿಡೀತದ. ಅಷ್ಟೂ ಆಗಲಿಕ್ಕಿಲ್ಲ, ಖರೆ. ಆದ್ರ ಏನೂ ಇಲ್ದಂಗ ಹೆಂಗ ಕಳಸೂದ್ರಿ?"

ಕೇಳಲು ನನಗೆ ನಾಚಿಕೆಯಾಯಿತು. ಅವಳು ಸೂಜಿ ಹಿಡಿದು ಕೂತೇ ಇದ್ದಳು, ಆದ್ದರಿಂದ ಕೇಳಿದೆ. ಈ ಸಲ ಮಾರೆಕ್ ಬರೆಯುತ್ತಿದ್ದಾನೆ ಎಂದು ಫೋನು ಬಹಳ ಹೊತ್ತು ತೋರಿಸಿತು, ನಿಂತಿತು, ಮತ್ತೆ ತೋರಿಸಿತು.

"ಪೊಟ್ಟಣ ನೀಲಿ ಇತ್ತು," ಎಂದು ಬರೆದಿದ್ದ. "ಹೆಸರನ್ನು ನಾನು ಒಮ್ಮೆಯೂ ಓದಲಿಲ್ಲ."

"ಏನಂದ್ರು?" ಎಂದಳು ಕಸ್ತೂರಿ.

ನಾನು ಹೇಳಿದೆ. ಅವಳು ಮಫ್ಲರನ್ನು ಇನ್ನೊಮ್ಮೆ ಮಡಚಿ, ಒಳಗಿಟ್ಟು, ನಾಲ್ಕನೆಯ ಬದಿಯನ್ನು ಹೊಲಿದಳು.